ಹಾಥಾರ್ನ್ ಬಾಟಲಿ ಮನೆಗೆ ಬಂದಿದೆಯೇ? ಮೊದಲು ಹಿಂದೆ ತಿರುಗಿಸಿ ಓದಿ

ಧಾರವಾಡದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವರಿಗೆ ಬಾಟಲಿಗಳ ಸೀಸನ್ ಗೊತ್ತಿರುತ್ತದೆ. ಡಿಸೆಂಬರ್ ಕೊನೆಗೆ ಅಮೆರಿಕದಿಂದ ಮಕ್ಕಳು ಬರುತ್ತಾರೆ, ಜನವರಿಯಲ್ಲಿ ವಾಪಸ್ ಹೋಗುತ್ತಾರೆ. ಆಮೇಲೆ ಅವರ ಅಪ್ಪ-ಅವ್ವ ಒಬ್ಬೊಬ್ಬರಾಗಿ ನಮ್ಮ ಕೌಂಟರ್‌ಗೆ ಬರುತ್ತಾರೆ. ಕೈಯಲ್ಲಿ ಮೀನೆಣ್ಣೆ, ಕ್ಯಾಲ್ಸಿಯಂ, ಅರಿಷಿಣದ ಕ್ಯಾಪ್ಸೂಲ್ (ಅರಿಷಿಣವನ್ನೂ ಅಲ್ಲಿಂದ ತರ್ತಾರೆ, ಏನು ಹೇಳೋಣ). ಈಚೆಗೆ ಅದರ ಜೊತೆ ಹಾಥಾರ್ನ್ ಅನ್ನುವ ಗಿಡಮೂಲಿಕೆ.

ಸಂಕ್ರಾಂತಿ ಮುಗಿದ ವಾರ ಸಪ್ತಾಪುರದ ನಿವೃತ್ತ ಮಾಸ್ತರರೊಬ್ಬರು ಅಂಥದ್ದೊಂದು ಬಾಟಲಿ ತಂದಿಟ್ಟರು.

"ತಮ್ಮಾ, ಮಗಳು ಕೊಟ್ಟು ಹೋಗ್ಯಾಳ. ಹಾರ್ಟಿಗೆ ಭಾಳ ಛಲೋ ಅಂತ. ಇದನ್ನ ತಗೊಂಡ್ರ ಬಿಪಿ ಗುಳಿಗಿ ಬಿಡಬಹುದೇನು?"

"ಬ್ಯಾಡ್ರಿ ಸರ್. ಮೊದ್ಲ ಬಾಟ್ಲಿ ಹಿಂದ ತಿರಗಸ್ರಿ" ಅಂದೆ.

ಅವತ್ತು ಅವರ ಜೊತೆ ಕೂತು ಒಂದೊಂದಾಗಿ ನೋಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಬಾಟಲಿ ಇದ್ದರೆ ಪಕ್ಕಕ್ಕೆ ಇಟ್ಟುಕೊಂಡು ಓದಿ.

ಹೆಜ್ಜೆ 1: ಗಿಡ ಯಾವುದು ಅಂತ ತಿಳಿದುಕೊಳ್ಳಿ

ಹಾಥಾರ್ನ್‌ಗೆ ರೂಢಿಯ ಕನ್ನಡ ಹೆಸರಿಲ್ಲ, ಯಾಕಂದರೆ ಅದು ನಮ್ಮ ಕಡೆ ಬೆಳೆಯುವುದಿಲ್ಲ. 'ಹಾ' ಅಂದರೆ ಹಳೆಯ ಇಂಗ್ಲಿಷಿನಲ್ಲಿ ಬೇಲಿ, 'ಥಾರ್ನ್' ಅಂದರೆ ಮುಳ್ಳು. ಯುರೋಪಿನ ಹೊಲಗಳಿಗೆ ಬೇಲಿಯಾಗಿ ಹಚ್ಚುತ್ತಿದ್ದ ಮುಳ್ಳಿನ ಗಿಡ. ಸಸ್ಯಶಾಸ್ತ್ರದ ಹೆಸರು ಕ್ರಾಟೇಗಸ್. ಗುಲಾಬಿ, ಸೇಬು, ಪೇರ್ ಇರುವ ಕುಟುಂಬದ್ದು. ಮೇ ತಿಂಗಳ ಹೊತ್ತಿಗೆ ಬಿಳಿ ಹೂ ಬಿಡುತ್ತದೆ, ಶರತ್ಕಾಲದಲ್ಲಿ ಸಣ್ಣ ಕೆಂಪು ಹಣ್ಣು. ಹೂ ನೋಡಲು ಚೆಂದ, ವಾಸನೆ ಮಾತ್ರ ಎಲ್ಲರಿಗೂ ಸೇರುವುದಿಲ್ಲ. ಕೆಟ್ಟ ಮೀನಿನಲ್ಲಿರುವ ಟ್ರೈಮೀಥೈಲ್‌ಅಮೈನ್ ಅದರಲ್ಲೂ ಇದೆ.

ಔಷಧಿಗೆ ಬಳಸುವುದು ಮುಖ್ಯವಾಗಿ ಯುರೋಪಿನ ಎರಡು ಜಾತಿ: ಕ್ರಾಟೇಗಸ್ ಮೊನೊಗೈನಾ ಮತ್ತು ಕ್ರಾಟೇಗಸ್ ಲೇವಿಗೇಟಾ. ಚೀನಾದಲ್ಲಿ ಪಿನ್ನಾಟಿಫಿಡಾ ಅನ್ನುವ ಜಾತಿಯ ಹಣ್ಣು ದೊಡ್ಡದು, ಹುಳಿ. ಅಲ್ಲಿ ಅದಕ್ಕೆ ಶಾನ್‌ಝಾ ಅನ್ನುತ್ತಾರೆ, ಊಟ ಅರಗಲಿಕ್ಕೆ ತಿನ್ನುತ್ತಾರೆ. ಹೃದಯದ ಮೇಲಿನ ದೊಡ್ಡ ಪರೀಕ್ಷೆಗಳೆಲ್ಲ ಆಗಿದ್ದು ಯುರೋಪಿನ ಗಿಡದ ಎಲೆ-ಹೂವಿನ ಸಾರದ ಮೇಲೆ. ಈ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಸಿ ತಂದು ಹಿತ್ತಲಲ್ಲಿ ಹಚ್ಚಬಹುದಾ ಅಂತ ಒಬ್ಬರು ಕೇಳಿದ್ದರು. ಅದರ ಬೀಜ ಮೊಳೆಯಲಿಕ್ಕೆ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು. ಧಾರವಾಡದ ಚಳಿ ಸ್ವೆಟರ್‌ಗೆ ಸಾಕು, ಅದಕ್ಕೆ ಸಾಲದು.

ಹೆಜ್ಜೆ 2: ಬಾಟಲಿಯ ಹಿಂಭಾಗ ಓದಿ

ಮಾಸ್ತರರ ಬಾಟಲಿಯ ಮುಂದೆ ದಪ್ಪಕ್ಷರದಲ್ಲಿ 1500 ಮಿಲಿಗ್ರಾಂ ಅಂತ ಇತ್ತು. ಹಿಂದೆ ಸಣ್ಣಕ್ಷರದಲ್ಲಿ 'ಸರ್ವಿಂಗ್ ಸೈಜ್: 3 ಕ್ಯಾಪ್ಸೂಲ್'. ಅಂದರೆ ಒಂದರಲ್ಲಿ ಇರುವುದು 500. ಇದು ಮೋಸವಲ್ಲ, ಆದರೆ ಕನ್ನಡಕ ಹಾಕಿಕೊಳ್ಳದವರಿಗೆ ಗೊತ್ತಾಗುವುದಿಲ್ಲ.

ಆಮೇಲೆ ನೋಡಬೇಕಾದ್ದು ಗಿಡದ ಯಾವ ಭಾಗ ಅನ್ನುವುದು. 'ಲೀಫ್ ಅಂಡ್ ಫ್ಲವರ್' ಅಂದರೆ ಎಲೆ-ಹೂ. 'ಬೆರಿ' ಅಂದರೆ ಹಣ್ಣು. ಜರ್ಮನಿಯಲ್ಲಿ ಗಿಡಮೂಲಿಕೆಗಳನ್ನು ಪರಿಶೀಲಿಸಿದ ತಜ್ಞರ ಸಮಿತಿಗೆ 'ಕಮಿಷನ್ ಇ' ಅಂತ ಹೆಸರು. ಅದು 1994ರಲ್ಲಿ ಎಲೆ-ಹೂವಿನ ಸಾರಕ್ಕೆ ಒಪ್ಪಿಗೆ ಕೊಟ್ಟಿತು, ಹಣ್ಣಿಗೆ ಕೊಡಲಿಲ್ಲ. ಮಾಸ್ತರರ ಬಾಟಲಿಯಲ್ಲಿ ಇದ್ದದ್ದು ಬೆರಿ.

ಮೂರನೆಯದು ಪುಡಿಯೋ ಸಾರವೋ ಅನ್ನುವುದು. 'ಪೌಡರ್' ಅಂದರೆ ಒಣಗಿಸಿ ಬೀಸಿದ್ದು. 'ಎಕ್ಸ್‌ಟ್ರಾಕ್ಟ್' ಅಂದರೆ ನೀರು ಅಥವಾ ಮದ್ಯಸಾರದಲ್ಲಿ ನೆನೆಸಿ, ಸಾರ ತೆಗೆದು ಗಟ್ಟಿ ಮಾಡಿದ್ದು. 4:1 ಅಂತ ಬರೆದಿದ್ದರೆ ನಾಲ್ಕು ಗ್ರಾಂ ಎಲೆಯಿಂದ ಒಂದು ಗ್ರಾಂ ಸಾರ. ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಾದ ಡಬ್ಲ್ಯೂಎಸ್ 1442 ಅನ್ನುವ ಸಾರದಲ್ಲಿ ಈ ಪ್ರಮಾಣ 4ರಿಂದ 6.6ರವರೆಗೆ ಇದೆ. ಅದರ 900 ಮಿಲಿಗ್ರಾಂಗೆ ಸುಮಾರು ಮೂರೂವರೆಯಿಂದ ಆರು ಗ್ರಾಂ ಒಣ ಎಲೆ-ಹೂ ಹೋಗಿರುತ್ತದೆ. ಮಾಸ್ತರರ 500 ಮಿಲಿಗ್ರಾಂ ಹಣ್ಣಿನ ಪುಡಿಯನ್ನು ಅದರ ಪಕ್ಕ ಇಟ್ಟು ನೋಡಿ. ಎಲ್ಲಿಗೆಲ್ಲಿ ಸಂಬಂಧ, ಅಲ್ವಾ?

ಕೊನೆಗೆ 'ಸ್ಟ್ಯಾಂಡರ್ಡೈಸ್ಡ್' ಅನ್ನುವ ಪದ ಹುಡುಕಿ. '1.8% ವೈಟೆಕ್ಸಿನ್' ಅಥವಾ '18.75% ಒಪಿಸಿ' (ಇವು ಗಿಡದೊಳಗಿನ ಸತ್ವಗಳ ಹೆಸರು, ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ) ಅಂತ ಇದ್ದರೆ ಪ್ರತಿ ಬ್ಯಾಚ್ ಅಳೆದು ಒಂದೇ ಮಟ್ಟಕ್ಕೆ ತಂದಿದ್ದೇವೆ ಅಂತ ಕಂಪನಿ ಹೇಳುತ್ತಿದೆ ಅಂದುಕೊಳ್ಳಿ. ಏನೂ ಬರೆಯದಿದ್ದರೆ ಒಳಗೆ ಎಷ್ಟಿದೆ ಅಂತ ಲೇಬಲ್ ನೋಡಿ ಹೇಳಲಾಗದು.

ಇಲ್ಲೇ ಒಂದು ಎಚ್ಚರಿಕೆ. ಹಾಥಾರ್ನ್ ಕುಲದ್ದೇ ಮೆಕ್ಸಿಕೋದ ಗಿಡವೊಂದಿದೆ, ತೆಹೊಕೋತೆ ಅಂತ. ಅದರ ಬೇರು ಅಂತ ಹೇಳಿ ತೂಕ ಇಳಿಸುವ ಗುಳಿಗಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದರು. ನ್ಯೂಜೆರ್ಸಿಯಲ್ಲಿ 2022ರಲ್ಲಿ ಎರಡು ವರ್ಷವೂ ತುಂಬದ ಮಗು ಅಂಥ ತುಂಡುಗಳನ್ನು ನುಂಗಿ ಆಸ್ಪತ್ರೆ ಸೇರಿತು. ನಾಡಿ ನಿಧಾನವಾಗಿತ್ತು, ರಕ್ತದೊತ್ತಡ ಇಳಿದಿತ್ತು. ಆಮೇಲೆ ಅಂಥ ಉತ್ಪನ್ನಗಳನ್ನು ಕೊಂಡು ಪರೀಕ್ಷೆ ಮಾಡಿದಾಗ ಹೆಚ್ಚಿನವುಗಳಲ್ಲಿ ತೆಹೊಕೋತೆ ಇರಲೇ ಇಲ್ಲ. ಇದ್ದದ್ದು ಹಳದಿ ಕಣಗಿಲೆ. ನಮ್ಮ ಗುಡಿ ಕಂಪೌಂಡುಗಳಲ್ಲಿ, ಶಿವನ ಪೂಜೆಗೆ ಕೀಳುವ ಆ ಹಳದಿ ಗಂಟೆಯಂಥ ಹೂವಿನ ಗಿಡ. ಅದರ ಬೀಜ ವಿಷ ಅಂತ ಇಲ್ಲಿ ಹುಡುಗರಿಗೂ ಗೊತ್ತು. ಹೃದಯದ ಮಿಡಿತವನ್ನೇ ಕೆಡಿಸುವ ವಿಷ ಅದು. ಹಾಗಾಗಿ ಬಾಟಲಿ ಮೇಲೆ 'ರೂಟ್' ಅಂತ ಇದ್ದರೆ, ತೂಕ ಇಳಿಸುತ್ತೇವೆ ಅಂತ ಇದ್ದರೆ, ಮುಚ್ಚಳ ತೆಗೆಯಬೇಡಿ.

ಹೆಜ್ಜೆ 3: ಒಳಗಿನ ಸತ್ವಗಳನ್ನು ಗುರುತು ಹಿಡಿಯಿರಿ

ಹೆಸರು ಕೇಳಿ ಹೆದರಬೇಡಿ. ಇವುಗಳಲ್ಲಿ ಬಹಳಷ್ಟು ನಿಮ್ಮ ಅಡುಗೆಮನೆಯಲ್ಲೇ ಇವೆ.

ಮೊದಲನೆಯದು ಒಪಿಸಿ, ಪೂರ್ತಿ ಹೆಸರು ಓಲಿಗೊಮೆರಿಕ್ ಪ್ರೊಸಯನಿಡಿನ್. ಇದನ್ನು ನಾಲಿಗೆಯಿಂದಲೇ ಗುರುತು ಹಿಡಿಯಬಹುದು. ಕಾಯಿ ಪೇರಲ ಕಚ್ಚಿದಾಗ, ಬರೀ ಅಡಕಿ ಅಗಿದಾಗ ಬಾಯಿ ಒಣಗಿ ಎಳೆದ ಹಾಗಾಗುತ್ತದಲ್ಲ, ಆ ಒಗರು. ನಮ್ಮ ಹೆಣ್ಣುಮಕ್ಕಳ ಬೋರಮಾಳ ನೆನೆಸಿಕೊಳ್ಳಿ. ಒಂದು ಗುಂಡು ಅಂದರೆ ಎಪಿಕ್ಯಾಟೆಚಿನ್ ಅನ್ನುವ ಅಣು, ಚಹಾ ಎಲೆಯಲ್ಲೂ ಇರುವಂಥದ್ದು. ಇಂಥ ಕೆಲವೇ ಗುಂಡು ಪೋಣಿಸಿದ ಗಿಡ್ಡ ಸರ ಒಪಿಸಿ. ಸರ ಉದ್ದವಾದಷ್ಟೂ ಕರುಳಿನಿಂದ ರಕ್ತಕ್ಕೆ ಹೋಗುವುದು ಕಷ್ಟ. ಪ್ರಯೋಗಾಲಯದಲ್ಲಿ ಕಂಡದ್ದು ಇದು: ರಕ್ತನಾಳದ ಒಳಪದರದ ಜೀವಕೋಶಗಳು ಇದರಿಂದ ನೈಟ್ರಿಕ್ ಆಕ್ಸೈಡ್ ಹೆಚ್ಚು ಬಿಡುತ್ತವೆ. ಅದು ನಾಳದ ಸ್ನಾಯುವಿಗೆ 'ಸ್ವಲ್ಪ ಸಡಿಲಾಗು' ಅಂತ ಹೇಳುವ ಅನಿಲ. ನಾಳ ಸಡಿಲಾದರೆ ಹೃದಯಕ್ಕೆ ನೂಕುವ ಶ್ರಮ ಕಡಿಮೆ.

ಎರಡನೆಯದು ಫ್ಲೇವನಾಯ್ಡ್‌ಗಳ ಗುಂಪು. ಹೈಪರೊಸೈಡ್ ಅಂದರೆ ಕ್ವೆರ್ಸೆಟಿನ್‌ಗೆ ಒಂದು ಸಕ್ಕರೆ ಅಣು ಅಂಟಿಕೊಂಡದ್ದು. ಕ್ವೆರ್ಸೆಟಿನ್ ಅಂತೂ ಉಳ್ಳಾಗಡ್ಡಿಯಲ್ಲಿ ಧಾರಾಳ, ಅದರಲ್ಲೂ ಹೊರಗಿನ ಪದರಗಳಲ್ಲಿ. ಹುಬ್ಬಳ್ಳಿ ಎಪಿಎಂಸಿಯಲ್ಲಿ ಚೀಲಗಟ್ಟಲೆ ಬಿದ್ದಿರುತ್ತದೆ. ವೈಟೆಕ್ಸಿನ್ ಅನ್ನುವುದಕ್ಕೆ ಹೆಸರು ಬಂದದ್ದು ವೈಟೆಕ್ಸ್ ಕುಲದಿಂದ. ಹೊಲದ ಬದುವಿನಲ್ಲಿ ಬೆಳೆಯುವ ನಮ್ಮ ಲಕ್ಕಿ ಗಿಡ ಅದೇ ಕುಲದ್ದು. ಹೆಸರುಕಾಳಿನ ಸಿಪ್ಪೆಯಲ್ಲೂ ವೈಟೆಕ್ಸಿನ್ ಇದೆ. ಇದನ್ನು ಹೇಳಿದಾಗ ಮಾಸ್ತರರು, "ಅಂದ್ರ ನಾನು ದಿನಾ ಮುಂಜಾನೆ ಮೊಳಕಿ ಕಾಳು ತಿನ್ನೋದು ಹಾಥಾರ್ನೇ ಆತಲ್ಲೋ" ಅಂದರು. ಅಷ್ಟು ದೂರ ಹೋಗಬೇಡ್ರಿ ಅಂದೆ. ಒಂದು ಸತ್ವ ಎರಡು ಕಡೆ ಇದ್ದ ಮಾತ್ರಕ್ಕೆ ಎರಡೂ ಒಂದೇ ಕೆಲಸ ಮಾಡುತ್ತವೆ ಅಂತಿಲ್ಲ. ಪ್ರಮಾಣ, ಜೊತೆಗಿರುವ ಬೇರೆ ಸತ್ವಗಳು ಎಲ್ಲ ಬೇರೆ.

ಇನ್ನು ಉರ್ಸೋಲಿಕ್, ಓಲಿಯನೋಲಿಕ್ ಆಮ್ಲಗಳು. ಸೇಬಿನ ಸಿಪ್ಪೆಯ ಮೇಣ, ತುಳಸಿ ಎಲೆಯಲ್ಲೂ ಉರ್ಸೋಲಿಕ್ ಇದೆ. ಕ್ಲೋರೊಜೆನಿಕ್ ಆಮ್ಲ ಕಾಫಿಯಲ್ಲೂ ಇರುತ್ತದೆ. ಹಣ್ಣಿನಲ್ಲಿ ಪೆಕ್ಟಿನ್ ಜಾಸ್ತಿ, ಅದಕ್ಕೇ ಕುದಿಸಿ ಆರಿಸಿದರೆ ತಾನಾಗಿ ಜೆಲ್ಲಿ ಕಟ್ಟುತ್ತದೆ. ಎಲೆ-ಹೂವಿನಲ್ಲಿ ಒಪಿಸಿ, ಫ್ಲೇವನಾಯ್ಡ್ ಎರಡೂ ಚೆನ್ನಾಗಿರುತ್ತವೆ. ಸಂಶೋಧಕರು ಆ ಭಾಗವನ್ನೇ ಹಿಡಿದುಕೊಂಡದ್ದು ಅದಕ್ಕೆ.

ಬೀಜದಲ್ಲಿ ಮಾತ್ರ ಅಮಿಗ್ಡಲಿನ್ ಇದೆ, ಸೇಬಿನ ಬೀಜದ ಹಾಗೆ. ಜಜ್ಜಿದರೆ, ಅಗಿದರೆ ಸೈನೈಡ್ ಬಿಡುಗಡೆಯಾಗುತ್ತದೆ. ಒಣ ಹಣ್ಣು ಸಿಕ್ಕರೆ ಬೀಜ ತೆಗೆದೇ ಬಳಸಿ. ಮಿಕ್ಸಿಗೆ ಹಾಗೇ ಹಾಕಬೇಡಿ.

ಹೆಜ್ಜೆ 4: ಎಷ್ಟು ನಂಬಬೇಕು ಅಂತ ತೀರ್ಮಾನಿಸಿ

ಹೃದಯ ದುರ್ಬಲವಾಗಿ, ನಡೆದರೆ ಏದುಸಿರು ಬರುವವರ ಮೇಲೆ ಆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2008ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆಯ ವಿಮರ್ಶೆ ಬಂತು. ಮಾಮೂಲಿ ಔಷಧಿಯ ಜೊತೆಗೆ ಹಾಥಾರ್ನ್ ಸಾರ ತೆಗೆದುಕೊಂಡವರಲ್ಲಿ ದಮ್ಮು, ಸುಸ್ತು ಸ್ವಲ್ಪ ಕಡಿಮೆ, ಶ್ರಮ ತಡೆಯುವ ಶಕ್ತಿ ಸ್ವಲ್ಪ ಹೆಚ್ಚು ಅಂತ ಅದು ಹೇಳಿತು. ಬಾಟಲಿ ಮಾರುವವರು ಇಲ್ಲಿಗೆ ನಿಲ್ಲಿಸುತ್ತಾರೆ.

ಅದೇ ವರ್ಷ ಸ್ಪೈಸ್ ಅನ್ನುವ ಪರೀಕ್ಷೆಯ ಫಲಿತಾಂಶವೂ ಬಂತು. 2681 ರೋಗಿಗಳು, ದಿನಕ್ಕೆ 900 ಮಿಲಿಗ್ರಾಂ, ಎರಡು ವರ್ಷ. ಸಾವು, ಹೃದಯಾಘಾತ, ಆಸ್ಪತ್ರೆ ಸೇರುವುದು, ಇವನ್ನು ಸೇರಿಸಿ ನೋಡಿದ ಮುಖ್ಯ ಲೆಕ್ಕದಲ್ಲಿ ಔಷಧಿಯೇ ಇಲ್ಲದ ಸಪ್ಪೆ ಗುಳಿಗಿ ತಗೊಂಡವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಾನಿಯೂ ಹೆಚ್ಚಿರಲಿಲ್ಲ. 2009ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ 120 ರೋಗಿಗಳಿಗೆ ಆರು ತಿಂಗಳು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ ಬಂತು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅನ್ನುವುದರಲ್ಲಿ ಲಾಭ ಕಾಣಲಿಲ್ಲ. ಅದೇ ಗುಂಪನ್ನು ಮತ್ತೆ ಪರಿಶೀಲಿಸಿದಾಗ, ಕೆಲವರಲ್ಲಿ ಶುರುವಿನಲ್ಲೇ ರೋಗ ಉಲ್ಬಣಿಸಿರಬಹುದು ಅನ್ನುವ ಅನುಮಾನವೂ ಬಂತು. ಆದ್ದರಿಂದ ಕಾಲು ಬಾವು, ದಮ್ಮು ಇರುವವರು ಸುಮ್ನೆ ಇದನ್ನು ಶುರು ಮಾಡುವ ಹಾಗಿಲ್ಲ.

ಬಿಪಿ ವಿಷಯಕ್ಕೆ ಬಂದರೆ, 2006ರಲ್ಲಿ ಇಂಗ್ಲೆಂಡಿನಲ್ಲಿ 79 ಸಕ್ಕರೆ ಕಾಯಿಲೆಯವರ ಮೇಲೆ ಮಾಡಿದ ಒಂದು ಪರೀಕ್ಷೆಯ ಫಲಿತಾಂಶ ಬಂತು. ದಿನಕ್ಕೆ 1200 ಮಿಲಿಗ್ರಾಂ, 16 ವಾರ. ಕೆಳಗಿನ ಅಂಕಿ 85.6ರಿಂದ 83.0ಕ್ಕೆ ಇಳಿಯಿತು. ಮೇಲಿನ ಅಂಕಿಯಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸವಿಲ್ಲ. ಎರಡೂವರೆ ಅಂಕಿಗಾಗಿ ಬಿಪಿ ಗುಳಿಗಿ ಬಿಡುತ್ತೇನೆ ಅನ್ನುವವರಿಗೆ ನನ್ನ ಉತ್ತರ ಅಲ್ಲೇ ಇದೆ. ಊಟದ ತಟ್ಟೆಯ ಪಕ್ಕದ ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದರೂ ಬಿಪಿ ಇಳಿಯುತ್ತದೆ.

ಯುರೋಪಿನ ಔಷಧಿ ಸಂಸ್ಥೆ 2016ರಲ್ಲಿ ಇದನ್ನು ಹಳೆಯ ರೂಢಿಯ ಔಷಧಿ ಅಂತ ಒಪ್ಪಿಕೊಂಡಿತು. ಅದೂ ಆತಂಕದಿಂದ ಎದೆ ಡವಡವ ಅನ್ನುವುದಕ್ಕೆ (ಡಾಕ್ಟರ್ ನೋಡಿ ದೊಡ್ಡ ಕಾಯಿಲೆ ಇಲ್ಲ ಅಂತ ಹೇಳಿದ ಮೇಲೆ), ಸಣ್ಣಪುಟ್ಟ ಮನಸ್ಸಿನ ಒತ್ತಡಕ್ಕೆ, ನಿದ್ದೆಗೆ.

ಹೆಜ್ಜೆ 5: ನಿಮ್ಮ ಗುಳಿಗಿ ಪಟ್ಟಿ ಪಕ್ಕದಲ್ಲಿ ಇಡಿ

ಎಲ್ಲ ಹೆಜ್ಜೆಗಳಲ್ಲಿ ಇದನ್ನು ಮಾತ್ರ ಬಿಡಬೇಡಿ. ಈಗ ತಗೊಳ್ಳುವ ಎಲ್ಲ ಗುಳಿಗಿಗಳ ಪಟ್ಟಿ ಬರೆದು, ಗುಳಿಗಿಗಳನ್ನು ಕವರ್ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ, ಹಾಥಾರ್ನ್ ಬಾಟಲಿಯೂ ಅದರಲ್ಲಿ ಇರಲಿ. "ಆಯುರ್ವೇದಿಕ್ ಅದಲ್ಲ, ಅದನ್ನೇನ್ ಹೇಳೋದು" ಅಂತ ಮುಚ್ಚಿಡುವವರು ಬಹಳ ಜನ. ಇದು ಆಯುರ್ವೇದವೂ ಅಲ್ಲ ಬಿಡಿ.

ಡಿಗಾಕ್ಸಿನ್ ತಗೊಳ್ಳುವವರು ಡಾಕ್ಟರ್ ಹೇಳದೆ ಮುಟ್ಟಬಾರದು. ಎರಡೂ ಹೃದಯದ ಮೇಲೇ ಕೆಲಸ ಮಾಡುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್, ಆ್ಯಮ್ಲೊಡಿಪಿನ್ ಥರದ ಬಿಪಿ ಗುಳಿಗಿಗಳ ಜೊತೆ ಒತ್ತಡ ಬೇಕಾದ್ದಕ್ಕಿಂತ ಇಳಿದು ತಲೆ ತಿರುಗಬಹುದು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಗುಳಿಗಿ, ಸಿಲ್ಡೆನಾಫಿಲ್, ಇವಕ್ಕೂ ಅದೇ ಮಾತು. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಔಷಧಿ ಇದ್ದರೆ ಹೇಳಿಯೇ ಹೇಳಿ. ಆಪರೇಷನ್ ದಿನ ಗೊತ್ತಾಗಿದ್ದರೆ ಅರಿವಳಿಕೆ ಡಾಕ್ಟರಿಗೂ ತಿಳಿಸಿ. ಬಸುರಿ-ಬಾಣಂತಿಯರಿಗೆ, ಮಕ್ಕಳಿಗೆ ಬೇಡ.

ಎದೆ ಹಿಂಡಿದ ಹಾಗಾಗಿ ಎಡಗೈ, ದವಡೆಗೆ ನೋವು ಹರಿದು ಬೆವರು ಬಿಟ್ಟರೆ ಯಾವ ಬಾಟಲಿಯನ್ನೂ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಬೇಕು.

ಹೆಜ್ಜೆ 6: ಚಹಾ ಮಾಡುವುದಿದ್ದರೆ

ಡಾಕ್ಟರ್ ಅಡ್ಡಿಯಿಲ್ಲ ಅಂದರೆ, ಒಣ ಎಲೆ-ಹೂ ಸಿಕ್ಕಿದ್ದರೆ, ಹೀಗೆ ಮಾಡಿ. ಬಂಗಾರದಂಗಡಿ ತಕ್ಕಡಿ ಬೇಡ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಒಂದರಿಂದ ಎರಡು ಗ್ರಾಂ ಎಲೆ ಒಂದು ಲೋಟಕ್ಕೆ ಹಾಕಿ. 150 ಮಿಲಿಲೀಟರ್ ನೀರು ಕುದಿಸಿ, ಒಲೆಯಿಂದ ಇಳಿಸಿ ಅದರ ಮೇಲೆ ಸುರಿದು ತಾಟು ಮುಚ್ಚಿ. ಹತ್ತು-ಹದಿನೈದು ನಿಮಿಷ ಬಿಟ್ಟು ಸೋಸಿ. ನಮ್ಮ ಕಡೆ ಚಹಾ ಅಂದರೆ ಹಾಲು-ಸಕ್ಕರೆ ಹಾಕಿ ಉಕ್ಕಿಸಿ ಉಕ್ಕಿಸಿ ಕುದಿಸುವುದು. ಇಲ್ಲಿ ಆ ಕೈಚಳಕ ಬೇಡ. ಹಾಲಿನ ಪ್ರೋಟೀನು ಆ ಒಗರು ಸತ್ವಕ್ಕೇ ಅಂಟಿಕೊಳ್ಳುತ್ತದೆ. ಬಣ್ಣ ತಿಳಿ ಕಂದು, ರುಚಿ ಹುಲ್ಲಿನ ಹಾಗೆ, ಕೊನೆಗೆ ನಾಲಿಗೆ ಮೇಲೆ ಸಣ್ಣ ಒಗರು. ಒಗರು ಒಂಚೂರೂ ಇಲ್ಲದಿದ್ದರೆ ಎಲೆ ಹಳತಾಗಿದೆ ಅಂತ ನಾನು ಅಂದುಕೊಳ್ಳುತ್ತೇನೆ.

ಉಳಿದ ಎಲೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ, ಶೇಂಗಾ ಚಟ್ನಿಪುಡಿ ಇಟ್ಟ ಹಾಗೆ. ಧಾರವಾಡದ ಮಳೆಗಾಲದಲ್ಲಿ ತೆರೆದಿಟ್ಟರೆ ಎಂಟು ದಿನಕ್ಕೆ ಬೂಸಲು.

ಸಿಂಗಪುರ ಕಡೆಯಿಂದ ಬರುವ ಗುಲಾಬಿ ಬಣ್ಣದ ಹಾಥಾರ್ನ್ ಹಣ್ಣಿನ ಬಿಲ್ಲೆಗಳು ಮಿಠಾಯಿ. ಸಕ್ಕರೆ ಕಾಯಿಲೆ ಇದ್ದವರು ಔಷಧಿ ಅಂತ ತಿನ್ನಬೇಡಿ.

ಹೆಜ್ಜೆ 7: ಇಲ್ಲೇ ಸಿಗುವ ಹೊಳೆಮತ್ತಿಯನ್ನೂ ಕೇಳಿ ನೋಡಿ

ಹಾಥಾರ್ನ್‌ಗೆ ಯುರೋಪಿನಲ್ಲಿರುವ ಜಾಗ ನಮ್ಮಲ್ಲಿ ಹೊಳೆಮತ್ತಿಗೆ ಇದೆ. ಸಂಸ್ಕೃತದಲ್ಲಿ ಅರ್ಜುನ. ಹೆಸರೇ ಹೇಳುವ ಹಾಗೆ ಹೊಳೆ ದಂಡೆಯ ಮರ. ಬಳಸುವುದು ತೊಗಟೆ. ಅದರಲ್ಲೂ ಒಗರು ಸತ್ವಗಳಿವೆ, ಜೊತೆಗೆ ಅರ್ಜುನೋಲಿಕ್ ಆಮ್ಲ. ಗ್ರಂಥಿಗೆ ಅಂಗಡಿಯಲ್ಲಿ 'ಮತ್ತಿ ಚಕ್ಕಿ' ಅಂತ ಕೇಳಿದರೆ ಕರಿಮತ್ತಿಯನ್ನೂ ಕೊಟ್ಟುಬಿಡುತ್ತಾರೆ. ಕರಿಮತ್ತಿ ತೊಗಟೆ ಕಪ್ಪು, ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಬಿರುಕು. ಹೊಳೆಮತ್ತಿ ತೊಗಟೆ ಬೂದು ಬಿಳುಪು, ನುಣುಪು, ಹಾಳೆ ಹಾಳೆಯಾಗಿ ಸುಲಿಯುತ್ತದೆ.

ಆಯುರ್ವೇದದಲ್ಲಿ ಇದನ್ನು ಕ್ಷೀರಪಾಕ ಮಾಡುತ್ತಾರೆ. ಲೆಕ್ಕ ಸುಲಭ: ಒಂದು ಪಾಲು ತೊಗಟೆ ಪುಡಿ, ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು. 5 ಗ್ರಾಂ ಪುಡಿಗೆ 40 ಮಿಲಿ ಹಾಲು, 160 ಮಿಲಿ ನೀರು. ಸಣ್ಣ ಉರಿಯಲ್ಲಿ ಹಾಲಷ್ಟೇ ಉಳಿಯುವವರೆಗೆ ಕಾಯಿಸಿ ಸೋಸುವುದು. ಇಲ್ಲಿ ಹಾಲು ಬೇಕು, ಅಲ್ಲಿ ಬೇಡ. ಎರಡು ಪದ್ಧತಿ ಬೇರೆ, ಬೆರೆಸಬೇಡಿ. ಹಾಥಾರ್ನ್ ಮತ್ತು ಹೊಳೆಮತ್ತಿ ಎರಡನ್ನೂ ಒಟ್ಟಿಗೆ ತಗೊಳ್ಳಬೇಡಿ. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಆಯುರ್ವೇದ ಕಾಲೇಜುಗಳಿವೆ. ಅಲ್ಲಿನ ವೈದ್ಯರಿಗೆ ತೋರಿಸಿ ಪ್ರಮಾಣ ಕೇಳುವುದು ಒಳ್ಳೆಯದು. ಬಿಪಿ ಗುಳಿಗಿಯ ಎಚ್ಚರಿಕೆ ಇದಕ್ಕೂ ಅನ್ವಯ.

ಹೆಜ್ಜೆ 8: ನೋಟ್‌ಬುಕ್ ಇಡಿ

ಜರ್ಮನಿಯ ಸಮಿತಿ ಹೇಳಿದ್ದು ದಿನಕ್ಕೆ 160ರಿಂದ 900 ಮಿಲಿಗ್ರಾಂ ಎಲೆ-ಹೂ ಸಾರ, ಕನಿಷ್ಠ ಆರು ವಾರ. ಅಂದರೆ ಇದು ತಲೆನೋವಿನ ಗುಳಿಗಿಯ ಹಾಗೆ ತಾಸಿನಲ್ಲಿ ಗೊತ್ತಾಗುವಂಥದ್ದಲ್ಲ. ಬರೆದಿಡದಿದ್ದರೆ ಆರು ವಾರದ ಮೇಲೆ ನೀವು ಹೇಳುವುದು ಅಂದಾಜು ಅಷ್ಟೇ.

ಶುರು ಮಾಡುವ ಮೊದಲೇ ಒಂದು ವಾರ ಬಿಪಿ ಬರೆಯಿರಿ. ಮುಂಜಾನೆ, ಚಹಾ-ತಂಬಾಕಿಗಿಂತ ಮೊದಲು. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತು, ಕೈ ಎದೆಮಟ್ಟಕ್ಕೆ ಟೇಬಲ್ ಮೇಲೆ ಇಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ. ಮಾತಾಡಬಾರದು. ಬಿಪಿ ಮಷಿನ್ನಿನಿಂದ ತೋಳಿಗೆ ಸುತ್ತುವ ಪಟ್ಟಿ ಸರಿಯಾದ ಅಳತೆಯದಿರಬೇಕು. ಚಿಕ್ಕದಾದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ನಾಡಿಯನ್ನೂ ಬರೆಯಿರಿ. ತಲೆ ಸುತ್ತು, ವಾಕರಿಕೆ, ಎದೆ ಡವಡವ ಬಂದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಮಾಸ್ತರರು ಗುಳಿಗಿ ಬಿಡಲಿಲ್ಲ. ಅವರ ಡಾಕ್ಟರ್ ಬಾಟಲಿ ನೋಡಿ, ದಿನಕ್ಕೊಂದು ಕ್ಯಾಪ್ಸೂಲ್‌ಗೆ ಅಡ್ಡಿಯಿಲ್ಲ, ಹೆಚ್ಚೇನೂ ನಿರೀಕ್ಷೆ ಬೇಡ ಅಂದರಂತೆ. ಯುಗಾದಿ ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಬಂದರು. ಮಾಸ್ತರರ ಅಕ್ಷರ, ಕೆಂಪು ಶಾಯಿಯ ಗೆರೆ. ಅಂಕಿಗಳು ಒಂದು ದಿನ 150, ಮರುದಿನ 128, ಮತ್ತೆ 146. ಹಾಥಾರ್ನ್ ಶುರು ಮಾಡುವ ಮೊದಲಿನ ವಾರವೂ ಹಾಗೇ ಕುಣಿದಿತ್ತು. ಮಷಿನ್ ತರಿಸಿ ನೋಡಿದೆ. ಪಟ್ಟಿಯ ವೆಲ್ಕ್ರೋ ಸವೆದು ಹೋಗಿತ್ತು. ಗಾಳಿ ತುಂಬುವಾಗ ಚರ್ ಅಂತ ಅರ್ಧ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಅವರು ಇನ್ನೊಂದು ಕೈಯಿಂದ ಒತ್ತಿ ಹಿಡಿಯುತ್ತಿದ್ದರು.

ಅಲ್ಲೇ ಕೌಂಟರ್ ಹತ್ತಿರ ನಿಂತು ಮಗಳಿಗೆ ಫೋನ್ ಹಚ್ಚಿದರು. "ಮುಂದಿನ ಸಲ ಬರುವಾಗ ಬಾಟ್ಲಿ ಬ್ಯಾಡವಾ. ಬಿಪಿ ಮಷಿನ್ನಿಗೆ ಒಂದು ಪಟ್ಟಿ ತಗೊಂಡು ಬಾ. ದೊಡ್ಡ ಸೈಜಿಂದು."